‘ಗೊತ್ತಾಯ್ತಾ?’ ಎಂದು ಕೇಳಿದರೆ ಸಾಲದು

ಮನೋರೋಗ ವಿಭಾಗದ ಓಪಿಯಲ್ಲಿ ಬೆಳಗಿನಿಂದ ಕಾದು ಕುಳಿತವರಿಗೆ ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ಚೀಟಿ ಬರೆದು, ಮಾತ್ರೆಯ ಲೆಕ್ಕ ಹೇಳಿ, ಕೊನೆಗೆ ಅವರು ತಮಿಳಿನಲ್ಲಿ ಕೇಳುತ್ತಾರೆ: ‘ಪುರಿಂಜುದಾ?’, ಗೊತ್ತಾಯ್ತಾ ಎಂದು. ರೋಗಿ ತಲೆಯಾಡಿಸುತ್ತಾರೆ. ಜೊತೆಗೆ ಬಂದ ಹೆಂಡತಿಯೋ ತಮ್ಮನೋ ಇನ್ನೂ ಜೋರಾಗಿ ತಲೆಯಾಡಿಸುತ್ತಾರೆ. ಬಸ್‌ಸ್ಟಾಂಡಿಗೆ ಬಂದ ಮೇಲೆ ‘ರಾತ್ರಿ ಎರಡಾ, ಒಂದೂವರೆಯಾ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.

ತಮಿಳುನಾಡಿನ ಮೇಚೇರಿ, ಮೇಟ್ಟೂರು, ಪೆನ್ನಾಗರಂ ಕಡೆಯ ಕನ್ನಡ ಮನೆಗಳಲ್ಲಿ ಈ ತೊಂದರೆಗೆ ಇನ್ನೂ ಒಂದು ಮಡಿಕೆ ಇದೆ. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತಮಿಳು, ಮಾತ್ರೆ ಶೀಟಿನ ಮೇಲೆ ಇಂಗ್ಲಿಷು. ತಮಿಳು ಬರುವುದಿಲ್ಲವೆಂದಲ್ಲ, ಸಂತೆಗೂ ಶಾಲೆಗೂ ತಮಿಳೇ. ಆದರೆ ‘ಎದೆ ಕುದಿಯುತ್ತೆ’, ‘ನೆಲದ ಮೇಲೆ ಕಾಲು ನಿಲ್ಲಲ್ಲ’ ಅನ್ನುವಂಥ ಮಾತು ಬಾಯಿಗೆ ಬರುವುದು ಮನೆಮಾತಿನಲ್ಲಿ. ಓದಿದ್ದು ತಮಿಳಿನಲ್ಲಾದ್ದರಿಂದ, ಬೆಂಗಳೂರಿನಿಂದ ಯಾರಾದರೂ ಕನ್ನಡದ ಕೈಪಿಡಿ ತಂದುಕೊಟ್ಟರೆ ಅದನ್ನು ಓದುವುದೂ ಇಲ್ಲಿ ಬಹಳ ಮಂದಿಗೆ ಆಗದು. ಹಾಗಾಗಿ ಬೈಪೋಲಾರ್ ಕಾಯಿಲೆಯ ಔಷಧದ ತಿಳಿವಳಿಕೆಯನ್ನು ಅಳೆಯಬೇಕೆಂದರೆ ಕಾಗದ ಕೊಟ್ಟು ಟಿಕ್ ಹಾಕಿಸಿ ಪ್ರಯೋಜನವಿಲ್ಲ. ಎದುರು ಕೂತು, ಮನೆಯ ಮಾತಿನಲ್ಲಿ ಕೇಳಬೇಕು. ಹೇಗೆ ಕೇಳಬೇಕು, ಯಾವ ಉತ್ತರಕ್ಕೆ ಎಷ್ಟು ಅಂಕ, ಅಂಕ ಕಡಿಮೆ ಬಂದರೆ ಮುಂದೇನು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನೀವು ರೋಗಿಯ ಮನೆಯವರಾಗಿರಬಹುದು, ನರ್ಸ್ ಅಥವಾ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯಾಗಿರಬಹುದು, ಸ್ವತಃ ಮಾತ್ರೆ ನುಂಗುವವರೇ ಆಗಿರಬಹುದು. ಮೂವರಿಗೂ ಇದೇ ಕ್ರಮ.

ಅಳೆಯುವುದು ಯಾಕೆ?

ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ: ನಿದ್ದೆ ಬೇಡ, ಮಾತು ನಿಲ್ಲದು, ದುಡ್ಡು ನೀರಿನಂತೆ ಖರ್ಚು, ಸಿಟ್ಟು. ಇನ್ನು ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತದೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮನುಷ್ಯ ಎಲ್ಲರಂತೆಯೇ ಇರುತ್ತಾನೆ. ಕಷ್ಟ ಇರುವುದು ಈ ನಡುವಿನ ಕಾಲದಲ್ಲೇ. ಚೆನ್ನಾಗಿರುವವನು ಮಾತ್ರೆ ಯಾಕೆ ನುಂಗಬೇಕು ಎಂಬ ಪ್ರಶ್ನೆಗೆ ಅವನ ಬಳಿ ಉತ್ತರ ಇಲ್ಲದಿದ್ದರೆ ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರಳುತ್ತದೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತಮಿಳುನಾಡನ್ನೂ ಒಳಗೊಂಡಿತ್ತು. ದೇಶದಲ್ಲಿ ಬೈಪೋಲಾರ್ ಇರುವವರಲ್ಲಿ ಶೇಕಡಾ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಅದು ಹೇಳಿತು. ಅಂಥದರಲ್ಲಿ ಆಸ್ಪತ್ರೆಯವರೆಗೂ ಬಂದು ಮಾತ್ರೆ ಹಿಡಿದುಕೊಂಡು ಹೋದವರು ಅರ್ಥವಾಗದ್ದಕ್ಕೇ ಅದನ್ನು ಕೈಬಿಟ್ಟರೆ, ಅದು ತಪ್ಪಿಸಬಹುದಾದ ನಷ್ಟ.

ಅಳತೆಯ ಯೋಚನೆ ಹೊಸದಲ್ಲ. ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧ ಉನ್ಮಾದಕ್ಕೆ, ಅಂದರೆ ಮನಸ್ಸು ಮಿತಿಮೀರಿ ಏರಿದ ಸ್ಥಿತಿಗೆ, ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿದ್ದು 1949ರಲ್ಲಿ. ಅದನ್ನು ನುಂಗುವವರಿಗೆ ಅದರ ಬಗ್ಗೆ ಏನೇನು ಗೊತ್ತು ಎಂದು ಅಳೆಯಲು ಬ್ರಿಟನ್ನಿನ ಪೀಟ್ ಮತ್ತು ಹಾರ್ವಿ 1991ರಲ್ಲಿ ‘ಲಿಥಿಯಂ ನಾಲೆಡ್ಜ್ ಟೆಸ್ಟ್’ ಎಂಬ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಮಾತ್ರೆಯ ಬಗ್ಗೆ ರೋಗಿಯ ಮನೋಭಾವ ಅಳೆಯುವ ಪಟ್ಟಿಗಳು ಬೇರೆ ಇವೆ, ತಪ್ಪದೆ ನುಂಗುತ್ತಾರಾ ಎಂದು ಅಳೆಯುವವೂ ಇವೆ. ಈ ಮೂರನ್ನು ಒಂದೇ ಎಂದು ಕಲಸಿಕೊಳ್ಳುವುದು ನಮ್ಮ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಸಾಮಾನ್ಯ. ‘ಅವರು ತಪ್ಪದೆ ನುಂಗ್ತಾರೆ, ಎಲ್ಲಾ ಗೊತ್ತು’ ಅನ್ನುತ್ತಾರೆ. ತಪ್ಪದೆ ನುಂಗುವುದು ಬೇರೆ, ಗೊತ್ತಿರುವುದು ಬೇರೆ. ಯಾಕೆಂದು ಈ ಮಾತುಕತೆ ನೋಡಿ. ಇದು ಉದಾಹರಣೆಗೆ ಕಟ್ಟಿದ್ದು, ಆದರೆ ಎಷ್ಟು ಮನೆಗಳಲ್ಲಾದರೂ ನಡೆದೀತು.

‘ದೊಡ್ಡಪ್ಪ, ಮಾತ್ರೆ ದಿನಾ ತಗೋತೀರಾ?’

‘ತಗೋತೀನವ್ವ.’

‘ಎಲ್ಲಾ ಗೊತ್ತಾಗಿದೆಯಾ?’

‘ಗೊತ್ತಾಗಿದೆ.’

ಇಷ್ಟಕ್ಕೆ ನಿಲ್ಲಿಸಿದರೆ ನೂರಕ್ಕೆ ನೂರು ಅಂಕ. ತಮ್ಮನ ಮಗಳು ನಿಲ್ಲಿಸದೆ ಇನ್ನೊಂದು ಕೇಳುತ್ತಾಳೆ:

‘ನಾಳೆ ನಾನು ಊರಲ್ಲಿ ಇರಲ್ಲ ದೊಡ್ಡಪ್ಪ. ಬೆಳಿಗ್ಗೆಯಿಂದ ನಿಮಗೆ ನಾಕೈದು ಸಲ ಭೇದಿ ಆಯ್ತು ಅಂತಿಟ್ಕೊಳ್ಳಿ. ರಾತ್ರಿ ಈ ಬಿಳಿ ಮಾತ್ರೆ ಏನು ಮಾಡ್ತೀರಿ?’

‘ಏನ್ಮಾಡೋದು, ನುಂಗ್ತೀನಿ. ಒಂದು ದಿನಾನೂ ಬಿಡಬೇಡ ಅಂತ ಡಾಕ್ಟ್ರು ಹೇಳಿಲ್ವಾ?’

ಆ ಬಿಳಿ ಮಾತ್ರೆ ಲಿಥಿಯಂ ಆಗಿದ್ದರೆ ಈ ಉತ್ತರ ಅಪಾಯದ್ದು. ಭೇದಿಯಾಗಿ ಮೈಯ ನೀರು, ಉಪ್ಪು ಇಳಿದಾಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳಲು ನೋಡುತ್ತದೆ. ಅದರ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನುಂಗಿದ್ದು ಅಷ್ಟೇ, ರಕ್ತದಲ್ಲಿ ಮಾತ್ರ ಏರುತ್ತಾ ಹೋಗುತ್ತದೆ. ಎಲ್ಲರಿಗಿಂತ ಹೆಚ್ಚು ಹೇಳಿದ ಮಾತು ಕೇಳುವ ರೋಗಿಯೇ ಇಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವನು. ಆದ್ದರಿಂದ ‘ಗೊತ್ತಾ?’ ಎಂದು ಕೇಳದೆ ‘ಹೀಗಾದರೆ ಏನು ಮಾಡುತ್ತೀರಿ?’ ಎಂದು ಕೇಳಬೇಕು. ಮೊದಲನೆಯದಕ್ಕೆ ಮರ್ಯಾದೆಗಾಗಿ ಹೌದು ಎಂದುಬಿಡಬಹುದು. ಎರಡನೆಯದಕ್ಕೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕೂರುವ ಮೊದಲು

ಹೊತ್ತು ನೋಡಿ ಆರಿಸಿ. ಉನ್ಮಾದದ ಬಿಸಿಯಲ್ಲಿರುವವರನ್ನು, ಹಾಸಿಗೆ ಬಿಟ್ಟು ಏಳಲಾಗದಷ್ಟು ಖಿನ್ನತೆಯಲ್ಲಿರುವವರನ್ನು ಕೂರಿಸಿ ಪ್ರಶ್ನೆ ಕೇಳಬೇಡಿ. ಆಗ ಸಿಗುವ ಉತ್ತರ ಕಾಯಿಲೆಯದ್ದು. ನಿದ್ದೆ, ಊಟ ಒಂದು ಹದಕ್ಕೆ ಬಂದಿರಲಿ. ರಾತ್ರಿ ಮಾತ್ರೆ ನುಂಗಿ ಕಣ್ಣು ಎಳೆಯುವಾಗಲೂ ಬೇಡ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ಮನಸ್ಸಿನ ಮಾತ್ರೆ ಮಾತ್ರ ಅಲ್ಲ. ಬಿಪಿ, ಸಕ್ಕರೆ, ಮಂಡಿನೋವು, ಗ್ಯಾಸ್ಟ್ರಿಕ್, ನಾಟಿ ವೈದ್ಯರ ಪುಡಿ, ಕಷಾಯ, ಲೇಹ್ಯ ಎಲ್ಲ. ಫ್ರಿಜ್ಜಿನ ಮೇಲೆ, ದೇವರ ಗೂಡಿನಲ್ಲಿ, ಅಂಗಿ ಜೇಬಿನಲ್ಲಿ ಉಳಿದ ಅರ್ಧ ಶೀಟುಗಳನ್ನೂ ಬಿಡಬೇಡಿ. ಹಳೆಯ ಚೀಟಿಗಳೂ ಬರಲಿ.

ಇದು ಪರೀಕ್ಷೆಯಲ್ಲ ಎಂದು ಮೊದಲೇ ಹೇಳಿ. ಹೇಳುವ ರೀತಿ ಮುಖ್ಯ: ‘ನನಗೆ ಸರಿಯಾಗಿ ಗೊತ್ತಿಲ್ಲ, ನೀವೇ ತೋರಿಸಿಕೊಡಿ’ ಎಂದರೆ ಹಿರಿಯರಿಗೂ ಮುಜುಗರವಾಗುವುದಿಲ್ಲ. ಮನೆಯ ಸೊಸೆ ಮಾವನಿಗೆ ಪ್ರಶ್ನೆ ಹಾಕುವುದು ಹೊಂದದ ಮನೆಗಳಲ್ಲಿ ಮೊಮ್ಮಗನೋ ಮಗಳೋ ಕೂರಲಿ. ಆರೋಗ್ಯ ಕಾರ್ಯಕರ್ತೆಯಾದರೆ, ತಪ್ಪು ಉತ್ತರ ಬಂದಾಗ ‘ನಾವು ಸರಿಯಾಗಿ ಹೇಳಿಕೊಟ್ಟಿಲ್ಲ’ ಎನ್ನಿ. ಅದೇ ನಿಜವೂ ಹೌದು.

ಎಂಟು ಪ್ರಶ್ನೆ

ಪ್ರತಿ ಪ್ರಶ್ನೆಗೆ ಸರಿಯಾದ ಉತ್ತರಕ್ಕೆ 2, ಅರ್ಧಂಬರ್ಧ ಅಥವಾ ಸುಳಿವು ಕೊಟ್ಟ ಮೇಲೆ ಹೇಳಿದ್ದಕ್ಕೆ 1, ಗೊತ್ತಿಲ್ಲ ಅಥವಾ ತಪ್ಪು ಎಂಬುದಕ್ಕೆ 0. ಒಟ್ಟು 16. ಇದು ಮನೆಬಳಕೆಗಾಗಿ ನಾನು ಜೋಡಿಸಿದ ಅಳತೆ, ಸಂಶೋಧನೆಗೆ ಬಳಸುವ ಪ್ರಮಾಣೀಕೃತ ಪರೀಕ್ಷೆಯಲ್ಲ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಂಕಕ್ಕಿಂತ ಆ ಮಾತು ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

1. ‘ಇದರಲ್ಲಿ ಯಾವುದನ್ನು ಯಾವಾಗ, ಎಷ್ಟು ನುಂಗುತ್ತೀರಿ? ಎತ್ತಿ ತೋರಿಸಿ.’ ಬಾಯಲ್ಲಿ ಹೇಳಿಸಬೇಡಿ, ಕೈಯಲ್ಲಿ ಎತ್ತಿಸಿ. ಇಲ್ಲೇ ಮೊದಲ ಗುಟ್ಟು ಹೊರಬೀಳುತ್ತದೆ. ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಬರುವವರಿಗೆ ಅಲ್ಲಿ ಒಂದು ಕಂಪನಿಯ ಮಾತ್ರೆ, ಸೇಲಂನಲ್ಲಿ ಇನ್ನೊಂದು ಕಂಪನಿಯದು. ಎನ್‌ಕೋರೇಟ್, ವಾಲ್‌ಪಾರಿನ್ ಎರಡರಲ್ಲಿರುವುದೂ ವಾಲ್‌ಪ್ರೋಯೇಟ್ ಎಂದು ತಿಳಿಯದೆ ಎರಡನ್ನೂ ನುಂಗುವುದಕ್ಕೆ ಅವಕಾಶವಿದೆ. ಲಿಕ್ಯಾಬ್, ಲಿಥೋಸನ್, ಇಂಟಾಲಿತ್ ಮೂರೂ ಲಿಥಿಯಮ್ಮೇ. 300ರ ಮಾತ್ರೆಯೂ ಇದೆ, 400ರದೂ ಇದೆ. ‘ಎರಡು ಮಾತ್ರೆ’ ಎಂಬ ಲೆಕ್ಕ ಹಾಗೇ ಉಳಿದು ಮಾತ್ರೆ ಬದಲಾದರೆ ದಿನಕ್ಕೆ 600 ಇದ್ದದ್ದು 800 ಆಗುತ್ತದೆ. ಶೀಟಿನ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಔಷಧದ ಹೆಸರನ್ನೂ ಹುಡುಕಿ ಓದಿ, ಇಂಗ್ಲಿಷು ಬಲ್ಲ ಮಕ್ಕಳಿಂದ ಓದಿಸಿ.

2. ‘ಇದು ಯಾತಕ್ಕೆ ಕೊಟ್ಟಿದ್ದಾರೆ?’ ಬಹಳ ಕಡೆ ಬರುವ ಉತ್ತರ ‘ನಿದ್ದೆಗೆ’. ಕ್ವೆಟಿಯಾಪಿನ್, ಓಲಾಂಜಪಿನ್ ನುಂಗಿದವರಿಗೆ ನಿದ್ದೆ ಬರುವುದು ನಿಜ. ಆದರೆ ನಿದ್ದೆಗೆ ಎಂದುಕೊಂಡವರು ನಿದ್ದೆ ಬರುತ್ತಿದ್ದಂತೆ ನಿಲ್ಲಿಸುತ್ತಾರೆ. ‘ಮನಸ್ಸು ಏರದಂತೆ, ಇಳಿಯದಂತೆ ತಡೆಯಲು’ ಎಂಬರ್ಥದ ಯಾವ ಮಾತು ಹೇಳಿದರೂ ಪೂರ್ತಿ ಅಂಕ ಕೊಡಿ.

3. ‘ಈಗ ಚೆನ್ನಾಗಿದ್ದೀರಲ್ಲ, ಇನ್ನೂ ಯಾಕೆ ನುಂಗುತ್ತೀರಿ?’ ಇದು ಬೀಳಿಸುವ ಪ್ರಶ್ನೆಯಂತೆ ಕಾಣುತ್ತದೆ, ಹೌದು, ಬೀಳಿಸುವುದಕ್ಕೇ. ನೆಂಟರು, ನೆರೆಯವರು, ಜೊತೆ ಕೆಲಸದವರು ದಿನಾ ಕೇಳುವ ಪ್ರಶ್ನೆಯೂ ಇದೇ. ‘ಬಿಟ್ಟರೆ ಮತ್ತೆ ಬರುತ್ತದೆ’ ಎಂಬುದು ಬಂದರೆ 2. ‘ಡಾಕ್ಟರು ಹೇಳಿದ್ದಾರೆ’ ಎಂಬುದಕ್ಕೆ 1 ಮಾತ್ರ. ಲಿಥಿಯಂ ಅನ್ನು ಥಟ್ಟನೆ ನಿಲ್ಲಿಸಿದರೆ, ನಿಧಾನವಾಗಿ ಇಳಿಸಿದ್ದಕ್ಕಿಂತ ಬೇಗ ಉನ್ಮಾದ ಮರಳುವ ಸಂಭವ ಹೆಚ್ಚು ಎಂಬುದನ್ನು ಇಲ್ಲಿಯೇ ಹೇಳಿಕೊಡಿ.

4. ‘ರಾತ್ರಿ ಮಾತ್ರೆ ಮರೆತು ಮಲಗಿಬಿಟ್ಟಿರಿ. ಬೆಳಿಗ್ಗೆ ನೆನಪಾಯಿತು. ಏನು ಮಾಡುತ್ತೀರಿ?’ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬಾರದು. ಮುಂದಿನ ಹೊತ್ತಿನದನ್ನು ಆ ಹೊತ್ತಿಗೆ ನುಂಗಿದರಾಯಿತು. ಲ್ಯಾಮೋಟ್ರಿಜಿನ್ ನುಂಗುವವರಿಗೆ ಮಾತ್ರ ಒಂದು ವಿಶೇಷ: ನಾಲ್ಕೈದು ದಿನ ಬಿಟ್ಟುಹೋಗಿದ್ದರೆ ಮತ್ತೆ ಹಳೆಯ ಡೋಸಿನಿಂದ ಶುರು ಮಾಡಕೂಡದು, ಡಾಕ್ಟರನ್ನು ಕೇಳಿ ಕಡಿಮೆಯಿಂದ ಏರಿಸಬೇಕು. ಚರ್ಮದ ಮೇಲೆ ಅಪಾಯಕಾರಿ ದದ್ದು ಏಳುವ ಭಯ ಅದಕ್ಕೆ ಕಾರಣ.

5. ‘ಯಾವುದು ಆದರೆ ಪರವಾಗಿಲ್ಲ, ಯಾವುದು ಆದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು?’ ಎಂಟರಲ್ಲಿ ಬೆಲೆಬಾಳುವುದು ಇದು. ಲಿಥಿಯಂನಲ್ಲಿ ಬೆರಳಿನ ಸಣ್ಣ ನಡುಕ, ಬಾಯಾರಿಕೆ, ಮೂತ್ರಕ್ಕೆ ಹೆಚ್ಚು ಸಲ ಹೋಗುವುದು ಸಾಮಾನ್ಯ. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಆದರೆ ಟೀ ಲೋಟ ಹಿಡಿದರೆ ಚೆಲ್ಲುವಂಥ ನಡುಕ, ವಾಂತಿ, ಭೇದಿ, ನಡೆದರೆ ತೂರಾಡುವುದು, ಮಾತು ತೊದಲುವುದು, ಮಂಕು ಕವಿಯುವುದು – ಇವು ರಕ್ತದಲ್ಲಿ ಲಿಥಿಯಂ ಮಿತಿಮೀರಿದ ಗುರುತು. ಮುಂದಿನ ಮಾತ್ರೆ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ತೂರಾಟ, ತೊದಲು ಕಂಡು ಟಾಸ್ಮಾಕ್ ಮದ್ಯದಂಗಡಿಗೆ ಹೋಗಿ ಬಂದಿದ್ದಾನೆಂದು ಮೂಲೆಯಲ್ಲಿ ಮಲಗಿಸಿ ಬಿಡುವ ಅಪಾಯ ನಮ್ಮ ಊರುಗಳಲ್ಲಿ ಇದೆ, ಅದನ್ನು ಮನೆಯವರಿಗೆ ಒತ್ತಿ ಹೇಳಿ. ವಾಲ್‌ಪ್ರೋಯೇಟ್ ನುಂಗುವವರಲ್ಲಿ ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ತೀವ್ರ ಹೊಟ್ಟೆನೋವು. ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್ ನುಂಗುವವರಲ್ಲಿ ಜ್ವರದ ಜೊತೆ ದದ್ದು, ಬಾಯಿಹುಣ್ಣು – ಇವೂ ಕಾಯುವಂಥವಲ್ಲ.

6. ‘ಇದರ ಜೊತೆ ಬೇರೆ ಏನನ್ನು ತೆಗೆದುಕೊಂಡರೆ ತೊಂದರೆ?’ ಈ ಕಡೆಯ ಬದುಕಿಗೆ ತಾಗುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ವಿವರ ಬೇಕು.

ಮಂಡಿನೋವಿಗೆ, ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್ (ಕಾಂಬಿಫ್ಲಾಮಿನಲ್ಲಿ ಇರುವುದು ಇದೇ), ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಸಾಮಾನ್ಯ ನೋವು, ಜ್ವರಕ್ಕೆ ಪ್ಯಾರಸಿಟಮಾಲ್ ವಾಸಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ – ಎನಾಲಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್, ಹೈಡ್ರೊಕ್ಲೋರೊಥಯಜೈಡ್ – ಅದೇ ಕೆಲಸ ಮಾಡುತ್ತವೆ. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು ಪಕ್ಕದ ಕೃಷ್ಣಗಿರಿ ಜಿಲ್ಲೆಯಲ್ಲಿ ಶುರುಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಿಂದ ಬಿಪಿ, ಸಕ್ಕರೆ ಮಾತ್ರೆ ಮನೆಬಾಗಿಲಿಗೇ ಬರುತ್ತಿದೆ. ಬಹಳ ಒಳ್ಳೆಯ ಯೋಜನೆ. ಆದರೆ ಮಾತ್ರೆ ತಂದುಕೊಡುವ ಹೆಣ್ಣುಮಗಳಿಗೆ ಈ ಮನೆಯಲ್ಲಿ ಒಬ್ಬರು ಲಿಥಿಯಂ ನುಂಗುತ್ತಿದ್ದಾರೆಂದು ಯಾರೂ ಹೇಳಿರುವುದಿಲ್ಲ, ನಾಚಿಕೆ. ಹೇಳಿ. ಬಿಪಿ ಮಾತ್ರೆ ಬಿಡಬೇಕೆಂದಲ್ಲ, ಎರಡೂ ಕಡೆಯ ಡಾಕ್ಟರಿಗೆ ಎರಡೂ ಮಾತ್ರೆ ಗೊತ್ತಿರಬೇಕು.

ಇನ್ನು ಉಪ್ಪು. ನಾಟಿ ವೈದ್ಯರು ‘ಉಪ್ಪು, ಹುಳಿ ಬಿಟ್ಟು ಪಥ್ಯ ಮಾಡು’ ಎಂದರೆ, ಅಥವಾ ಅಮ್ಮನಿಗೆ ಹರಕೆ ಹೊತ್ತು ಉಪ್ಪಿಲ್ಲದ ಊಟದ ವ್ರತ ಹಿಡಿದರೆ, ಭೇದಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ: ಉಪ್ಪು ಇಳಿದರೆ ಲಿಥಿಯಂ ಏರುತ್ತದೆ. ನಂಬಿಕೆಯನ್ನು ಹೀಯಾಳಿಸುವ ಅಗತ್ಯವಿಲ್ಲ. ಮೇಚೇರಿ ಭದ್ರಕಾಳಿಯ ಗುಡಿಗೆ ಹೋಗಿ ಬರಲಿ, ಹರಕೆಯನ್ನು ಬೇರೆ ಬಗೆಯಲ್ಲಿ ತೀರಿಸಲಿ; ಉಪ್ಪು ಮಾತ್ರ ದಿನಾ ಒಂದೇ ಹದದಲ್ಲಿರಲಿ. ಬೇಸಿಗೆಯಲ್ಲಿ ಮೇಟ್ಟೂರು ಜಲಾಶಯದ ನೀರು ಇಳಿದು ಬಯಲಾದ ನೆಲದಲ್ಲಿ ದಿನವಿಡೀ ಕುರಿ ಮೇಯಿಸುವವರು, ಇಟ್ಟಿಗೆ ಗೂಡಿನಲ್ಲಿ ದುಡಿಯುವವರು ಬೆವರಿನಲ್ಲಿ ಉಪ್ಪನ್ನೂ ನೀರನ್ನೂ ಕಳೆಯುತ್ತಾರೆ. ಅವರು ಬರೀ ನೀರು ಕುಡಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆಯನ್ನೋ ಅಂಬಲಿಯನ್ನೋ ಜೊತೆಗೆ ಒಯ್ಯಲಿ.

7. ‘ರಕ್ತ ಪರೀಕ್ಷೆ ಯಾಕೆ, ಆ ದಿನ ಬೆಳಿಗ್ಗೆ ಮಾತ್ರೆ ನುಂಗುತ್ತೀರಾ?’ ಲಿಥಿಯಂ ಮಟ್ಟ ನೋಡುವ ರಕ್ತವನ್ನು ಕೊನೆಯ ಮಾತ್ರೆ ನುಂಗಿ ಸುಮಾರು 12 ಗಂಟೆಯಾದ ಮೇಲೆ ತೆಗೆಯಬೇಕು. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ. ಊರಿನಿಂದ ಮೊದಲ ಬಸ್ಸಿಗೆ ಹೊರಡುವವರು ತಪ್ಪಬಾರದೆಂದು ಬೆಳಗಿನ ಮಾತ್ರೆಯನ್ನೂ ನುಂಗಿಯೇ ಹೊರಡುತ್ತಾರೆ. ರಿಪೋರ್ಟಿನಲ್ಲಿ ಅಂಕಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಡೋಸು ಸುಮ್ಮನೆ ಇಳಿಯುತ್ತದೆ. ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ದೀರ್ಘಕಾಲ ನುಂಗುವವರಲ್ಲಿ ಲಿಥಿಯಂ ಮಟ್ಟವನ್ನು ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇಡುತ್ತಾರೆ, 1.5 ದಾಟಿದರೆ ಅಪಾಯ. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ಆರು ತಿಂಗಳಿಗೊಮ್ಮೆ. ಓಲಾಂಜಪಿನ್, ಕ್ವೆಟಿಯಾಪಿನ್ ನುಂಗುವವರಿಗೆ ತೂಕ, ಸಕ್ಕರೆ, ಕೊಬ್ಬಿನ ಪರೀಕ್ಷೆ.

8. ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ: ‘ಮಗು ಬೇಕು ಅನ್ನಿಸಿದರೆ ಮೊದಲು ಯಾರನ್ನು ಕೇಳುತ್ತೀರಿ, ಮಾತ್ರೆ ಏನು ಮಾಡುತ್ತೀರಿ?’ ಉಳಿದವರಿಗೆ: ‘ಕುಡಿದ ದಿನ ಮಾತ್ರೆ ಏನು ಮಾಡುತ್ತೀರಿ?’

ಎರಡನೆಯದಕ್ಕೆ ‘ಕುಡಿದ ದಿನ ಮಾತ್ರೆ ಬಿಡುತ್ತೇನೆ’ ಎಂಬ ಉತ್ತರ ಬರುವುದುಂಟು. ಬಿಡಬೇಕಾದ್ದು ಕುಡಿತ. ಮೊದಲನೆಯದು ಇನ್ನೂ ಗಂಭೀರ. ಗರ್ಭಿಣಿ ವಾಲ್‌ಪ್ರೋಯೇಟ್ ನುಂಗಿದರೆ ಹತ್ತರಲ್ಲಿ ಒಂದು ಮಗುವಿಗೆ ದೊಡ್ಡ ಅಂಗದೋಷ ಬರುವ ಅಪಾಯವಿದೆ. ಹತ್ತರಲ್ಲಿ ಮೂರು ನಾಲ್ಕು ಮಕ್ಕಳ ಕಲಿಕೆ, ಬೆಳವಣಿಗೆಗೆ ತೊಡಕಾಗಬಹುದು. ಬೆನ್ನುಹುರಿಯ ದೋಷ ಉಂಟಾಗುವುದು ಗರ್ಭದ ಮೊದಲ ವಾರಗಳಲ್ಲೇ, ಅಂದರೆ ಬಸಿರು ಎಂದು ಗೊತ್ತಾಗುವ ಹೊತ್ತಿಗೆ ಆಗುವುದು ಆಗಿರಬಹುದು. ಹಾಗಾಗಿ ಮದುವೆಗೆ ಮೊದಲೇ ಡಾಕ್ಟರನ್ನು ಕೇಳಬೇಕು. ಇಲ್ಲಿ ನಡೆಯುವುದು ಬೇರೆ: ಗಂಡನ ಮನೆಗೆ ತಿಳಿಯಬಾರದೆಂದು ಮದುವೆಯ ಹಿಂದಿನ ವಾರ ಮಾತ್ರೆಯನ್ನೇ ನಿಲ್ಲಿಸುತ್ತಾರೆ, ಇಲ್ಲವೇ ಹುಡುಗಿ ಬಚ್ಚಿಟ್ಟು ಹೇಗೋ ನುಂಗುತ್ತಾಳೆ. ಎರಡೂ ಕೆಡುಕೇ. ಕಾರ್ಬಮಜೆಪಿನ್ ನುಂಗುವವರಲ್ಲಿ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ ಎಂಬುದನ್ನೂ ಹೇಳಿ. ಈ ಪ್ರಶ್ನೆಯನ್ನು ತಾಯಿಯ ಎದುರಲ್ಲಾಗಲಿ ಗಂಡನ ಎದುರಲ್ಲಾಗಲಿ ಕೇಳಬೇಡಿ. ಒಬ್ಬಳೇ ಇರುವಾಗ, ಹೆಂಗಸೊಬ್ಬಳು ಕೇಳಲಿ.

ಅಂಕವನ್ನು ಓದುವುದು

ಒಟ್ಟು ಅಂಕಕ್ಕೆ ಮರುಳಾಗಬೇಡಿ. 14 ಬಂದರೂ ಐದನೆಯ ಪ್ರಶ್ನೆಗೆ ಸೊನ್ನೆ ಬಂದಿದ್ದರೆ ಅದು ತಪ್ಪಿದ್ದೇ. ಲಿಥಿಯಂ ನುಂಗುವವರಿಗೆ 5, 6, ವಾಲ್‌ಪ್ರೋಯೇಟ್ ನುಂಗುವ ಹೆಣ್ಣುಮಕ್ಕಳಿಗೆ 8 – ಇವುಗಳಲ್ಲಿ ಪೂರ್ತಿ 2 ಬರುವವರೆಗೆ ಬಿಡಕೂಡದು. ಉಳಿದವುಗಳಲ್ಲಿ ಕಡಿಮೆಯಿದ್ದರೆ ಕಾಲಕ್ರಮದಲ್ಲಿ ಸರಿಹೋಗುತ್ತದೆ.

ಸೊನ್ನೆ ಬಂದ ಪ್ರಶ್ನೆಯನ್ನು ಆಗಲೇ, ಎರಡೇ ವಾಕ್ಯದಲ್ಲಿ ಹೇಳಿಕೊಡಿ. ಆಮೇಲೆ ‘ಈಗ ನೀವು ನಿಮ್ಮ ತಮ್ಮನಿಗೆ ಹೇಳುತ್ತಿದ್ದೀರಿ ಅಂತಿಟ್ಟುಕೊಳ್ಳಿ, ಹೇಗೆ ಹೇಳುತ್ತೀರಿ?’ ಎಂದು ಅವರ ಬಾಯಿಂದ ಕೇಳಿ. ಹೇಳಿದ್ದನ್ನು ಹಾಗೇ ಒಪ್ಪಿಸಿದರೆ ಅದು ಬಾಯಿಪಾಠ. ತಮ್ಮದೇ ಮಾತಿನಲ್ಲಿ, ತಮ್ಮ ಕುರಿ, ಮಗ್ಗ, ಗದ್ದೆಯ ಉದಾಹರಣೆ ಸೇರಿಸಿ ಹೇಳಿದರೆ ಅದು ತಿಳಿವಳಿಕೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ವಿಷಯ ತುಂಬಬೇಡಿ. ಎರಡು ವಾರ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ. ಅಂದೇ ಹೇಳಿ ಅಂದೇ ಕೇಳಿದ ಅಂಕಕ್ಕೆ ಬೆಲೆ ಕಡಿಮೆ.

ತಿಳಿವಳಿಕೆ ಇದ್ದೂ ನುಂಗದವರನ್ನು ಪತ್ತೆಹಚ್ಚಲು ಶೀಟು ಎಣಿಸಿ: ಇಷ್ಟು ದಿನಕ್ಕೆ ಇಷ್ಟು ಖಾಲಿಯಾಗಬೇಕಿತ್ತು, ಎಷ್ಟು ಉಳಿದಿದೆ? 16ಕ್ಕೆ 16 ತೆಗೆದವರ ಶೀಟು ಹಾಗೇ ಉಳಿದಿದ್ದರೆ ಮತ್ತೆ ಪಾಠ ಮಾಡುವುದು ವ್ಯರ್ಥ. ತೂಕ ಹೆಚ್ಚಿತೆಂಬ ಸಂಕಟವೋ, ಗಂಡಸುತನ ಕುಗ್ಗಿತೆಂಬ ಭಯವೋ, ಆ ಏರಿದ ದಿನಗಳ ಖುಷಿ ಬೇಕೆಂಬ ಆಸೆಯೋ, ಏನೋ ಒಂದು ಇರುತ್ತದೆ. ಅದನ್ನು ಕೇಳಿ, ಡಾಕ್ಟರಿಗೆ ಮುಟ್ಟಿಸಿ. ಮಾತ್ರೆ ಬದಲಿಸುವ ದಾರಿ ಅವರಲ್ಲಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ರೋಗಿಗೆ ಕೇಳಿದ ಪ್ರಶ್ನೆಗೆ ಮನೆಯವರು ಉತ್ತರ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮನೆಯವರ ತಿಳಿವಳಿಕೆಯನ್ನೂ ಅಳೆಯಬೇಕು ನಿಜ, ಆದರೆ ಬೇರೆಯಾಗಿ, ಬೇರೆ ಹಾಳೆಯಲ್ಲಿ.

ಔಷಧದ ಇಂಗ್ಲಿಷ್ ಹೆಸರು ಹೇಳಲಿಲ್ಲವೆಂದು ಅಂಕ ಕತ್ತರಿಸುವುದು ಎರಡನೆಯದು. ‘ಉಪ್ಪಿನ ಮಾತ್ರೆ’, ‘ದೊಡ್ಡ ಗುಲಾಬಿ ಮಾತ್ರೆ’ ಎಂದು ಗುರುತಿಟ್ಟುಕೊಂಡವರು ಸರಿಯಾಗಿ ನುಂಗುತ್ತಿರಬಹುದು. ಬಣ್ಣದ ಗುರುತು ಕಂಪನಿ ಬದಲಾದ ದಿನ ಕೈಕೊಡುತ್ತದೆ ಎಂಬುದಷ್ಟೇ ಅದರ ತೊಡಕು. ಅದಕ್ಕೆ ಹಳೆಯ ಖಾಲಿ ಶೀಟೊಂದನ್ನು ಇಟ್ಟುಕೊಂಡು ಹೊಸದರ ಜೊತೆ ಮೆಡಿಕಲ್ ಶಾಪಿನಲ್ಲಿ ಹೋಲಿಸಿ ನೋಡಿಸುವ ಅಭ್ಯಾಸ ಸಾಕು.

ಅಂಕ ಕಡಿಮೆ ಬಂತೆಂದು ‘ಇವನಿಗೆ ಹೇಳಿ ಪ್ರಯೋಜನವಿಲ್ಲ’ ಎಂದು ಅನ್ನದಲ್ಲಿ, ಕಾಫಿಯಲ್ಲಿ ಮಾತ್ರೆ ಕಲಸಿ ಕೊಡುವವರಿದ್ದಾರೆ. ಗೊತ್ತಾದ ದಿನ ರೋಗಿ ಊಟವನ್ನೂ ನಂಬುವುದಿಲ್ಲ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು – ಲಿಥೋಸನ್ ಎಸ್‌ಆರ್, ಎನ್‌ಕೋರೇಟ್ ಕ್ರೋನೋ ಥರದವು – ಪುಡಿ ಮಾಡಿದರೆ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ.

ನಡುನಡುವೆ ಹೆದರಿಸುವುದೂ ಬೇಡ. ಅಡ್ಡಪರಿಣಾಮಗಳ ಪಟ್ಟಿ ಓದಿದ ಕೂಡಲೇ ಮಾತ್ರೆ ಬಿಡುವವರಿರುತ್ತಾರೆ. ಈ ಲೇಖನ ಓದಿಯೂ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು, ಡೋಸು ಬದಲಿಸಬಾರದು. ಐದನೆಯ ಪ್ರಶ್ನೆಯಲ್ಲಿ ಹೇಳಿದ ಅಪಾಯದ ಗುರುತು ಕಂಡಾಗ ಮಾತ್ರ ಮುಂದಿನ ಮಾತ್ರೆ ತಡೆದು ನೇರ ಆಸ್ಪತ್ರೆಗೆ. ಮಾತುಕತೆಯ ನಡುವೆ ಸಾಯುವ ಯೋಚನೆಯ ಸುಳಿವು ಬಂದರೆ ಪ್ರಶ್ನೆಗಳನ್ನು ಬದಿಗಿಟ್ಟು ಅದನ್ನೇ ನೇರವಾಗಿ ಕೇಳಿ, ಒಬ್ಬರೇ ಇರಲು ಬಿಡಬೇಡಿ, ಮಾತ್ರೆ ಚೀಲವನ್ನು ಬೀಗದಲ್ಲಿಡಿ. ಲಿಥಿಯಂ ಒಟ್ಟಿಗೆ ನುಂಗಿದರೆ ಪ್ರಾಣಕ್ಕೆ ಅಪಾಯ.

ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳಿಗೆ ಎರಡು ಮಾತು

ಸೇಲಂ, ಧರ್ಮಪುರಿಯ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದಿರುವವರು ಇಂಗ್ಲಿಷ್ ಪ್ರಶ್ನಾವಳಿಯನ್ನು ತಮಿಳಿಗೆ ತಿರುಗಿಸಿ ಕನ್ನಡ ಮನೆಮಾತಿನವರಿಗೂ ಅದನ್ನೇ ಓದಿ ಕೇಳಿಸಿದರೆ, ಅಳೆದದ್ದು ಔಷಧದ ತಿಳಿವಳಿಕೆಯೋ ತಮಿಳಿನ ತಿಳಿವಳಿಕೆಯೋ ಎಂದು ಹೇಳಲಾಗದು. ಮೂಲ ಕರ್ತೃಗಳ ಒಪ್ಪಿಗೆ ಪಡೆದು, ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ಹೋಲಿಸಬೇಕು. ಆಮೇಲೆ ಈ ಭಾಗದ ಕೆಲವರ ಮುಂದೆ ಓದಿ, ‘ಇದನ್ನು ಕೇಳಿದಾಗ ನಿಮಗೆ ಏನೆಂದು ತೋಚಿತು?’ ಎಂದು ವಿಚಾರಿಸಬೇಕು. ಬೆಂಗಳೂರಿನ ಪುಸ್ತಕದ ಕನ್ನಡ ಇಲ್ಲಿಗೆ ಹೊಂದುವುದಿಲ್ಲ. ‘ಮೂತ್ರಪಿಂಡ’ ಎಂದರೆ ಕಣ್ಣು ಬಿಡುವವರು ‘ಕಿಡ್ನಿ’ ಎಂದರೆ ತಲೆದೂಗುತ್ತಾರೆ. ಅದೇ ಜನರಿಗೆ ಎರಡು ವಾರದ ನಂತರ ಮತ್ತೆ ಕೇಳಿದಾಗ ಅಂಕ ಹೆಚ್ಚುಕಡಿಮೆ ಅಷ್ಟೇ ಬಂದರೆ ಅಳತೆಗೋಲು ನೆಟ್ಟಗಿದೆ ಎಂದರ್ಥ. ಅಳೆಯುವ ದಿನ ರೋಗಿಯ ಮನಸ್ಥಿತಿ ಏರಿದೆಯೋ ಇಳಿದಿದೆಯೋ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ.

ತಿಳಿವಳಿಕೆ ಕೊಟ್ಟರೆ ಕಾಯಿಲೆಯ ಮೇಲೆ ಪರಿಣಾಮ ಆಗುತ್ತದೆಯೇ ಎಂದು ಕೇಳುವವರಿಗೆ ಬಾರ್ಸಿಲೋನಾದ ಕೊಲೋಮ್, ವಿಯೆಟಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 120 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆಯ ಜೊತೆಗೆ 21 ಗುಂಪು ತರಗತಿಗಳಲ್ಲಿ ಕಾಯಿಲೆ, ಔಷಧ, ಮುನ್ಸೂಚನೆಗಳನ್ನು ಕಲಿಸಿ ಎರಡು ವರ್ಷ ಹಿಂಬಾಲಿಸಿದರು. ಕಲಿತವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. 21 ತರಗತಿ ನಮ್ಮ ಓಪಿಗಳಲ್ಲಿ ಆಗದ ಮಾತು. ಎಂಟು ಪ್ರಶ್ನೆ ಆಗುತ್ತದೆ.

ಯಾರನ್ನು ಕೇಳುವುದು?

ಸೇಲಂನ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧರ್ಮಪುರಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದವು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವವರೂ ಇದ್ದಾರೆ. ಎಲ್ಲಿಗೆ ಹೋದರೂ ಮಾತ್ರೆ ಚೀಲ ಮತ್ತು ಉತ್ತರ ಬರೆದ ಹಾಳೆ ಜೊತೆಗಿರಲಿ. ಹೋಗುವುದು ಆಗದ ಹೊತ್ತಿನಲ್ಲಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ತುರ್ತಾದರೆ 108.

ಕೊನೆಯದಾಗಿ ಓಪಿಯಲ್ಲಿ ಚೀಟಿ ಬರೆಯುವವರಲ್ಲಿ ಒಂದು ಕೋರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರೋಗಿಯ ಒಪ್ಪಿಗೆ ಎಂದರೇನು ಎಂದು ವಿವರಿಸುವಾಗಲೇ, ಚಿಕಿತ್ಸೆಯ ಲಾಭ, ಅಪಾಯಗಳನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಿರಬೇಕು ಎನ್ನುತ್ತದೆ. ಹೆಸರು, ವಯಸ್ಸು, ಊರು ಬರೆಯುವ ಸಾಲಿನಲ್ಲಿ ಮನೆಮಾತು ಯಾವುದು ಎಂದೂ ಬರೆದುಕೊಳ್ಳಿ. ಸೇಲಂ, ಧರ್ಮಪುರಿ ಸೀಮೆಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸೋ, ಅಟೆಂಡರೋ, ಕೊನೆಗೆ ಪಕ್ಕದ ಬೆಂಚಿನ ರೋಗಿಯ ಕಡೆಯವರೋ ಸಿಗದೇ ಇರುವುದಿಲ್ಲ. ರೋಗಿಯ ಒಪ್ಪಿಗೆ ಪಡೆದು ಅವರನ್ನು ಕರೆದು, ಭೇದಿಯಾದ ದಿನ ಈ ಮಾತ್ರೆಯನ್ನು ಏನು ಮಾಡುತ್ತೀರಿ ಎಂಬ ಒಂದೇ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಸಿ, ಆಮೇಲೆ ಕಳಿಸಿ.